ಭೂವಿಜ್ಞಾನದಲ್ಲಿ ಪೂರ್ತಿ ಅಂಕ: ಹೈಸ್ಕೂಲ್ ರಿವಿಷನ್‌ಗೆ 8 ಸೂತ್ರಗಳು

ಶಿಲಾಗೋಳ, ವಾಯುಗೋಳ, ಜಲಗೋಳ, ಜೀವಗೋಳ. ಪರೀಕ್ಷೆ ಹತ್ತಿರ ಬಂದಾಗ ಈ ಹೆಸರುಗಳ ರಾಶಿ ನೋಡಿ "ಇಷ್ಟೆಲ್ಲ ನೆನಪಿಟ್ಟುಕೊಳ್ಳೋಕೆ ನನ್ನಿಂದ ಆಗಲ್ಲ" ಅನ್ನುವ ಅಭ್ಯಾಸ ನಿಮಗಿದ್ದರೆ, ಅದನ್ನು ಇವತ್ತೇ ಬಿಡಿ. ಈ ವಿಷಯದಲ್ಲಿ ಪ್ರತಿ ಹೆಸರಿನ ಹಿಂದೆ ಒಂದು ಕಾರಣವಿದೆ. ಕಾರಣ ಹಿಡಿಯಿರಿ, ಹೆಸರು ತಾನಾಗಿ ಬರುತ್ತದೆ. ಈ 8 ಸೂತ್ರಗಳನ್ನು ಪಾಲಿಸಿ.

1. ಚಿತ್ರ ಬಿಡಿಸಿ ಶುರು ಮಾಡಿ

ಖಾಲಿ ಹಾಳೆ ತೆಗೆದುಕೊಳ್ಳಿ. ಭೂಮಿಯ ಒಳಪದರಗಳನ್ನು ಬಿಡಿಸಿ: ಭೂಕವಚ, ಮ್ಯಾಂಟಲ್, ಕೇಂದ್ರಗೋಳ. ಎರಡೇ ಅಂಕಿ ಬರೆಯಿರಿ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ.; ಮ್ಯಾಂಟಲ್ ಮುಗಿಯುವ ಆಳ ಸುಮಾರು 2,900 ಕಿ.ಮೀ. ಭೂಮಿ ಕರಗಿದ ಸ್ಥಿತಿಯಲ್ಲಿದ್ದಾಗ ಭಾರವಾದ ಕಬ್ಬಿಣ, ನಿಕ್ಕಲ್ ಕೆಳಗಿಳಿದವು. ಹಗುರವಾದ ಸಿಲಿಕಾ, ಅಲ್ಯುಮಿನಿಯಂ ಮೇಲೆ ಉಳಿದವು. ಇಷ್ಟು ತಿಳಿದರೆ ಸಿಯಾಲ್ (ಸಿಲಿಕಾ, ಅಲ್ಯುಮಿನಿಯಂ) ಮೇಲೆ, ನಿಫೆ (ನಿಕ್ಕಲ್, ಕಬ್ಬಿಣ) ಕೆಳಗೆ ಎಂಬ ಕ್ರಮ ಎಂದೂ ತಪ್ಪುವುದಿಲ್ಲ.

2. "ಇದು ಹೇಗೆ ಗೊತ್ತಾಯಿತು?" ಎಂದು ಕೇಳಿ

ಭೂಮಿಯ ಕೇಂದ್ರದವರೆಗೆ ಯಾರೂ ಕೊರೆದು ನೋಡಿಲ್ಲ. ಸಾಕ್ಷಿ ಕೊಟ್ಟದ್ದು ಭೂಕಂಪದ ಅಲೆಗಳು. ಪಿ ಅಲೆ ಘನ, ದ್ರವ ಎರಡರಲ್ಲೂ ಸಾಗುತ್ತದೆ. ಎಸ್ ಅಲೆ ದ್ರವದಲ್ಲಿ ಸಾಗುವುದಿಲ್ಲ. ಎಸ್ ಅಲೆಗಳು ಕೇಂದ್ರಗೋಳವನ್ನು ದಾಟಿ ಬರಲಿಲ್ಲ. ಹಾಗಾಗಿ ಹೊರ ಕೇಂದ್ರಗೋಳ ದ್ರವವೆಂದು ತಿಳಿಯಿತು. ಒಳಗೆ ಬೇರೆಯೇ ಒಂದು ಗೋಳವಿದೆ ಎಂದು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ವಿಜ್ಞಾನಿ ಇಂಗೆ ಲೇಮನ್. ಸಾಕ್ಷಿ ಬರೆದ ಉತ್ತರಕ್ಕೆ ತೂಕ ಹೆಚ್ಚು.

3. ಶಿಲೆಗಳನ್ನು ಊರಿನ ಹೆಸರಿನ ಜೊತೆ ಕಲಿಯಿರಿ

ಹಂಪಿಯ ಬಂಡೆ ಗ್ರಾನೈಟ್: ಶಿಲಾರಸ ನೆಲದಾಳದಲ್ಲಿ ನಿಧಾನವಾಗಿ ತಣಿದ ಅಗ್ನಿಶಿಲೆ. ವಿಜಯಪುರ, ಕಲಬುರಗಿ ಭಾಗದ ಕಪ್ಪು ಮಣ್ಣಿನ ಮೂಲ ಬಸಾಲ್ಟ್: ಹೊರಗೆ ಹರಿದ ಲಾವಾ ಬೇಗ ತಣಿದ ಅಗ್ನಿಶಿಲೆ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಮರಳುಗಲ್ಲಿನಲ್ಲಿ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು. ಇವೆರಡೂ ಜಲಜ ಶಿಲೆಗಳು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೈಸ್, ಸುಮಾರು 300 ಕೋಟಿ ವರ್ಷ ಹಳೆಯ ರೂಪಾಂತರ ಶಿಲೆ. ಇದರ ಮೇಲೆ ಮೂರು ಜೋಡಿ ಸೇರಿಸಿ: ಗ್ರಾನೈಟ್‌ನಿಂದ ನೈಸ್, ಸುಣ್ಣಕಲ್ಲಿನಿಂದ ಅಮೃತಶಿಲೆ, ಮರಳುಗಲ್ಲಿನಿಂದ ಕ್ವಾರ್ಟ್ಜೈಟ್. ಕಣ್ಣಾರೆ ಕಂಡ ಕಲ್ಲನ್ನು ಮನಸ್ಸು ಮರೆಯುವುದಿಲ್ಲ.

4. ಗೊಂದಲದ ಜೋಡಿಗಳಿಗೆ ಒಂದು ಪಟ್ಟಿ ಮಾಡಿ

ಒಂದೊಂದು ಜೋಡಿಗೆ ಒಂದೇ ಸಾಲು ಬರೆಯಿರಿ.
ಮ್ಯಾಗ್ಮಾ ನೆಲದೊಳಗೆ, ಲಾವಾ ನೆಲದ ಮೇಲೆ.
ಶಿಥಿಲೀಕರಣದಲ್ಲಿ ಶಿಲೆ ಇದ್ದಲ್ಲೇ ಒಡೆಯುತ್ತದೆ. ಸವೆತದಲ್ಲಿ ಪುಡಿ ಬೇರೆಡೆಗೆ ಸಾಗುತ್ತದೆ.
ಹವಾಮಾನ ಇವತ್ತಿನದು, ವಾಯುಗುಣ ದೀರ್ಘಕಾಲದ ಸರಾಸರಿ.
ಭೂಕಂಪನ ನಾಭಿ ಆಳದಲ್ಲಿ. ಅಧಿಕೇಂದ್ರ ಅದರ ನೇರ ಮೇಲೆ, ನೆಲದ ಮೇಲ್ಮೈಯಲ್ಲಿ.
ಪಾಠ ಗೊತ್ತಿದ್ದವರೂ ಅಂಕ ಕಳೆದುಕೊಳ್ಳುವುದು ಇಂಥ ಜೋಡಿಗಳಲ್ಲೇ. ನೀವು ಕಳೆದುಕೊಳ್ಳಬೇಡಿ.

5. ತಪ್ಪು ನಂಬಿಕೆಯನ್ನು ಬುಡದಿಂದ ಕೀಳಿರಿ

"ಸೂರ್ಯನ ಹತ್ತಿರ ಬಂದಾಗ ಬೇಸಿಗೆ" ಎಂದು ಬರೆಯಬೇಡಿ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ. ಆಗ ನಮಗೆ ಚಳಿಗಾಲ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23½° ಓರೆ ಮತ್ತು ಅದೇ ಓರೆಯಲ್ಲಿ ಸೂರ್ಯನನ್ನು ಸುತ್ತುವ ಪರಿಭ್ರಮಣ. ಜನವರಿಯ ಈ ಒಂದು ಉದಾಹರಣೆ ಸಾಕು, ತಪ್ಪು ಮತ್ತೆ ತಲೆಗೆ ಬರುವುದಿಲ್ಲ.

6. ಫಲಕಗಳನ್ನು ಹಿಡಿಯಿರಿ, ಮೂರು ಪಾಠ ಗೆಲ್ಲಿರಿ

1912ರಲ್ಲಿ ಆಲ್ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಎಂದರು. ಅದರ ಮುಂದುವರಿದ ರೂಪವೇ ಫಲಕ ಸಿದ್ಧಾಂತ. ಫಲಕಗಳು ಡಿಕ್ಕಿ ಹೊಡೆಯುತ್ತವೆ, ದೂರ ಸರಿಯುತ್ತವೆ, ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಜಾರುತ್ತವೆ. ಭಾರತದ ಫಲಕ ಯುರೇಷಿಯಾ ಫಲಕಕ್ಕೆ ಒತ್ತಿದ್ದರಿಂದ ಹಿಮಾಲಯ ಎದ್ದಿತು. ಒತ್ತಡ ಇನ್ನೂ ನಿಂತಿಲ್ಲ, ಅದಕ್ಕೇ ಅಲ್ಲಿ ಭೂಕಂಪ ಹೆಚ್ಚು. ಮಡಿಕೆ ಪರ್ವತ, ಭೂಕಂಪ, ಜ್ವಾಲಾಮುಖಿ ಮೂರಕ್ಕೂ ಇಲ್ಲಿಂದಲೇ ಉತ್ತರ ಶುರುಮಾಡಿ. ಜೊತೆಗೆ ಇದನ್ನೂ ಗುರುತು ಹಾಕಿಕೊಳ್ಳಿ: 1967ರ ಕೊಯ್ನಾ, 1993ರ ಕಿಲ್ಲಾರಿ ಭೂಕಂಪಗಳು ಆದದ್ದು ಫಲಕದ ಅಂಚಿನಲ್ಲಲ್ಲ, ಒಳಭಾಗದಲ್ಲಿ.

7. ಸೂತ್ರ ಹಾಕಿ ಲೆಕ್ಕ ಬಿಡಿಸಿ

ಭೂಮಿ 24 ಗಂಟೆಯಲ್ಲಿ 360° ತಿರುಗುತ್ತದೆ. ಅಂದರೆ 1°ಗೆ 4 ನಿಮಿಷ. ನಮ್ಮ ಪ್ರಮಾಣ ರೇಖಾಂಶ 82½° ಪೂರ್ವ. 82.5 × 4 = 330 ನಿಮಿಷ. ಅದಕ್ಕೇ ಭಾರತದ ವೇಳೆ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ಎತ್ತರದ ಲೆಕ್ಕವೂ ಸುಲಭ: ಪ್ರತಿ 1,000 ಮೀಟರ್‌ಗೆ ಉಷ್ಣಾಂಶ ಸರಾಸರಿ 6.5° ಸೆ. ಇಳಿಯುತ್ತದೆ. ಇದರಿಂದಲೇ ಮಳೆಯನ್ನೂ ವಿವರಿಸಿ. ಸಮುದ್ರದ ಗಾಳಿ ಪಶ್ಚಿಮ ಘಟ್ಟ ಏರುತ್ತಾ ತಣಿದು ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ಇಳಿದ ಗಾಳಿ ಒಣಗಿರುತ್ತದೆ, ಚಳ್ಳಕೆರೆ ಮಳೆ ನೆರಳಿನಲ್ಲಿ ಉಳಿಯುತ್ತದೆ.

8. ಪುಸ್ತಕ ಮುಚ್ಚಿ ಬರೆಯಿರಿ

ಮತ್ತೆ ಮತ್ತೆ ಓದಿದರೆ ಗೊತ್ತಿದೆ ಅನಿಸುತ್ತದೆ. ಬರೆದಾಗಲೇ ಗೊತ್ತಿಲ್ಲದ್ದು ಕಾಣುತ್ತದೆ. ಒಂದು ಅಧ್ಯಾಯ ಓದಿ. ಪುಸ್ತಕ ಮುಚ್ಚಿ. ನೆನಪಿನಿಂದ ಚಿತ್ರ ಬಿಡಿಸಿ, ಭಾಗ ಗುರುತಿಸಿ. ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ಮೂರನೇ ದಿನ, ಏಳನೇ ದಿನ ಅದನ್ನೇ ಮತ್ತೆ ಬರೆಯಿರಿ. ಬಿಡುವು ಕೊಟ್ಟು ನೆನಪಿಸಿಕೊಂಡದ್ದು ಪರೀಕ್ಷಾ ಹಾಲ್‌ನಲ್ಲಿ ಕೈಬಿಡುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡೇ ಬಿಡಿಸಿ.

ನಾಳೆಗೆ ಮುಂದೂಡಬೇಡಿ. ಇವತ್ತು ಶಿಲಾಗೋಳದ ಅಧ್ಯಾಯ ತೆರೆಯಿರಿ. ಅದರಿಂದ ಹತ್ತು "ಯಾಕೆ?" ಪ್ರಶ್ನೆಗಳನ್ನು ನೀವೇ ಬರೆದುಕೊಳ್ಳಿ. ಮಲಗುವ ಮೊದಲು ಹತ್ತಕ್ಕೂ ಉತ್ತರ ಬರೆದು ಮುಗಿಸಿ.