ಬೆಂಗಳೂರಿನಿಂದ ನಮ್ಮ ಸೀಮೆಗೆ ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಭಾನುವಾರ ಬೆಳಗಾದರೆ ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಗಾಡಿಗಳ ಸಾಲು. ಮೈಸೂರಿಗೆ ಹೋಗುವವು ನೆಟ್ಟಗೆ ಹೋಗುತ್ತವೆ. ಉಳಿದವು ಕೊಕ್ಕರೆ ಬೆಳ್ಳೂರು, ಗಗನಚುಕ್ಕಿ, ಮುತ್ತತ್ತಿ ಅಂತ ಮದ್ದೂರು, ಮಳವಳ್ಳಿ ಕಡೆಗೆ ತಿರುಗುತ್ತವೆ. ಬರಬೇಡಿ ಅನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಇದು ನಾಲೆ ಹರಿಯುವ, ಬೆಳೆ ನಿಂತಿರುವ, ಭಾನುವಾರವೂ ಜನ ದುಡಿಯುವ ಸೀಮೆ. ಕೆಳಗಿನ ಮಾತುಗಳನ್ನು ಸಲಹೆ ಎಂದು ಓದಬೇಡಿ, ಕಟ್ಟಪ್ಪಣೆ ಎಂದೇ ಓದಿ. ಇವುಗಳಲ್ಲಿ ಹಲವನ್ನು ಮೀರಿದ ಎಷ್ಟೋ ಜನ ವಾಪಸ್ಸು ಮನೆ ಸೇರಿಲ್ಲ.

ಹೆದ್ದಾರಿಯಲ್ಲಿ

ದ್ವಿಚಕ್ರ ವಾಹನವನ್ನು ಬೆಂಗಳೂರು-ಮೈಸೂರು ದಶಪಥದ ಮುಖ್ಯ ರಸ್ತೆಗೆ ಹತ್ತಿಸಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ದಾರಿ ಸರ್ವಿಸ್ ರಸ್ತೆ. ಕಾರಿನವರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾಗಳೂ ಇವೆ.

ಎಲ್ಲಿ ಇಳಿಯಬೇಕು ಎಂಬುದನ್ನು ಮೊದಲೇ ತಿಳಿದುಕೊಂಡು ಹೊರಡಿ. ಮದ್ದೂರಿನ ಮೇಲ್ಸೇತುವೆ ಹತ್ತಿದಿರೋ, ಊರು ಕೆಳಗೇ ಉಳಿಯಿತು. ಮಂಡ್ಯದ ಬೈಪಾಸ್ ಹಿಡಿದಿರೋ, ಪೇಟೆ ಪಕ್ಕಕ್ಕೆ ಸರಿಯಿತು. ಇಳಿಯುವ ಜಾಗ ತಪ್ಪಿದರೆ ಮುಂದಿನದಕ್ಕೆ ಹೋಗಿ ಸುತ್ತಿ ಬನ್ನಿ. ಹಿಂದಕ್ಕೆ ಗಾಡಿ ತೆಗೆಯಬೇಡಿ, ಎದುರು ದಿಕ್ಕಿನಲ್ಲಿ ಬರಬೇಡಿ, ಅಂಚಿಗೆ ನಿಲ್ಲಿಸಿ ಬುತ್ತಿ ಬಿಚ್ಚಬೇಡಿ. ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಚನ್ನಪಟ್ಟಣ ದಾಟಿದ ಮೇಲೆ ಸರ್ವಿಸ್ ರಸ್ತೆಗೆ ಇಳಿದು ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಬೇಕು. ಮಳವಳ್ಳಿಗೇ ಹೋಗುವುದಾದರೆ ಈ ದಾರಿಯೇ ಬೇಕಿಲ್ಲ, ಕನಕಪುರ, ಹಲಗೂರಿನ ಮೇಲೆ ಬನ್ನಿ.

ಹೊರಡುವ ಮುನ್ನ ಅಂದಿನ ಪತ್ರಿಕೆ ನೋಡಿ. ಕಾವೇರಿ ವಿಚಾರ ಬಿಸಿಯಾಗಿದ್ದರೆ, ಮಂಡ್ಯ ಬಂದ್ ಎಂದಿದ್ದರೆ, ಅವತ್ತು ಬರಬೇಡಿ. ಮಂಡ್ಯದ ಸಂಜಯ ವೃತ್ತದಲ್ಲಿ ಜನ ಕುಳಿತರೆ ರಸ್ತೆ ನಿಂತಿತು ಎಂದೇ ಅರ್ಥ. ನಿಮ್ಮ ಮನೆಯ ನಲ್ಲಿಗೆ ಬರುವ ನೀರೂ ಅದೇ ಹೊಳೆಯದು. ಸಿಕ್ಕಿಹಾಕಿಕೊಂಡಾಗ ಹಾರ್ನ್ ಒತ್ತಿ ರೈತರ ಮೇಲೆ ರೇಗಬೇಡಿ.

ಬಸ್ಸು, ರೈಲು

ತಡೆರಹಿತ ಬಸ್ಸು ಮದ್ದೂರು, ಮಂಡ್ಯದ ಒಳಗೆ ಬರುವುದಿಲ್ಲ. ಹತ್ತುವ ಮೊದಲು ಕಂಡಕ್ಟರನ್ನು ಕೇಳಿ. ಶಕ್ತಿ ಯೋಜನೆಯಲ್ಲಿ ಪ್ರಯಾಣಿಸುವ ಹೆಣ್ಣುಮಕ್ಕಳು ಗುರುತಿನ ಚೀಟಿ ತರಲೇಬೇಕು, ಶೂನ್ಯ ಟಿಕೆಟನ್ನು ಕೇಳಿ ಪಡೆಯಬೇಕು. ರಾಜಹಂಸ, ಎ.ಸಿ. ಬಸ್ಸುಗಳಿಗೆ ಅದು ನಡೆಯುವುದಿಲ್ಲ.

ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ನಿಂತರೂ ಮದ್ದೂರು ವಡೆ ಕೊಳ್ಳಲೆಂದು ಪ್ಲಾಟ್‌ಫಾರಂಗೆ ಹಾರಬೇಡಿ, ಬುಟ್ಟಿ ಹೊತ್ತವರು ನಿಮ್ಮ ಕಿಟಕಿಗೇ ಬರುತ್ತಾರೆ. ಚಿಲ್ಲರೆ ಕೈಯಲ್ಲಿ ಹಿಡಿದಿರಿ.

ಹಳ್ಳಿಗೆ ಬಸ್ಸಿನಲ್ಲಿ ಹೋಗುವವರು ಇಳಿದ ಕೂಡಲೇ ಮಾಡಬೇಕಾದ ಕೆಲಸ ಒಂದೇ, ವಾಪಸ್ಸು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅಂಗಡಿಯಲ್ಲಿ ಕೇಳುವುದು.

ನಾಲೆ ಏರಿಯ ಮೇಲೆ

ಇದನ್ನು ಎರಡು ಸಲ ಓದಿ. ಕನ್ನಂಬಾಡಿಯಿಂದ (ಕೆ.ಆರ್.ಎಸ್.) ಹೊರಟ ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳ ನಡುವೆ ಹರಿಯುತ್ತವೆ. ಪಕ್ಕದಲ್ಲೇ ರಸ್ತೆ. ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸು ಈ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಮೇಲೆ 2023ರಲ್ಲೂ ಕಾರುಗಳು ಬಿದ್ದವು, ಮತ್ತೆ ಸಾವುಗಳಾದವು.

ಆದ್ದರಿಂದ ಮೊಬೈಲಿನ ನಕ್ಷೆ ಹತ್ತಿರದ ದಾರಿ ಎಂದು ತೋರಿಸಿದ ಮಾತ್ರಕ್ಕೆ ಏರಿಯ ಮೇಲೆ ಗಾಡಿ ಹತ್ತಿಸಬೇಡಿ. ಟೀ ಅಂಗಡಿಯ ಮುಂದೆ ನಿಲ್ಲಿಸಿ, ಇಳಿದು ಕೇಳಿ: ‘ಅಣ್ಣ, ಈ ದಾರೀಲಿ ಕಾರು ಹೋಯ್ತದಾ? ಎದುರಿಗೆ ಗಾಡಿ ಬಂದ್ರೆ ಜಾಗ ಐತಾ?’ ಎರಡನೆಯ ಪ್ರಶ್ನೆಯೇ ಮುಖ್ಯ. ಕತ್ತಲಾದ ಮೇಲೆ ಏರಿಯ ರಸ್ತೆ ಬೇಡವೇ ಬೇಡ.

ನಾಲೆಯಲ್ಲಿ ಕೈಕಾಲು ತೊಳೆಯಲು, ಮಕ್ಕಳನ್ನು ಆಡಿಸಲು ಇಳಿಯಬೇಡಿ. ಮೇಲಿನಿಂದ ನೋಡಿದರೆ ನೀರು ಸುಮ್ಮನೆ ಸಾಗುತ್ತಿರುವಂತೆ ಕಾಣುತ್ತದೆ. ಇಕ್ಕೆಲದ ಇಳಿಜಾರಿಗೆ ಕಾಂಕ್ರೀಟು ಹಾಕಿರುತ್ತಾರೆ, ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಜಾರಿದವರಿಗೆ ಬೆರಳು ಊರಲು ಒಂದು ಸಂದೂ ಸಿಗುವುದಿಲ್ಲ. ಈಜು ಬಂದವರೂ ಮೇಲೆ ಹತ್ತಲಾಗದೆ ಸೋತು ಮುಳುಗುತ್ತಾರೆ. ಇಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರೆ. ಹೋದ ಸಲ ಒಣಗಿದ್ದ ನಾಲೆ ಈ ಸಲ ತುಂಬಿ ಹರಿಯುತ್ತಿರಬಹುದು.

ಯಾರಾದರೂ ಬಿದ್ದರೆ ಹಿಂದೆಯೇ ನೀವೂ ಹಾರಬೇಡಿ. ಸೀರೆ, ಹಗ್ಗ, ಉದ್ದನೆಯ ಬಿದಿರು, ಏನು ಸಿಕ್ಕಿದರೆ ಅದನ್ನು ದಡದಿಂದಲೇ ಎಸೆಯಿರಿ. ಕೂಗಿ, ಗದ್ದೆಯಲ್ಲಿರುವವರು ಓಡಿ ಬರುತ್ತಾರೆ. 112ಕ್ಕೆ ಕರೆ ಮಾಡಿ.

ಮುತ್ತತ್ತಿ, ಗಗನಚುಕ್ಕಿ

ಮುತ್ತತ್ತಿಯಲ್ಲಿ ಮುತ್ತತ್ತಿರಾಯನಿಗೆ ಕೈಮುಗಿಯಿರಿ, ಮರದ ನೆರಳಲ್ಲಿ ಕುಳಿತು ಊಟ ಮಾಡಿ. ಹೊಳೆಗೆ ಇಳಿಯಬೇಡಿ. ಮೊಣಕಾಲುದ್ದ ಎಂದು ಇಟ್ಟ ಹೆಜ್ಜೆಯ ಮುಂದೆಯೇ ಮಡು ಇರುತ್ತದೆ, ಸುಳಿಗಳಿವೆ, ಮೊಸಳೆಗಳಿವೆ. ಕುಡಿದು ನೀರಿಗಿಳಿದವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹಲವು ವರ್ಷ ಡಿಸೆಂಬರ್ ಕೊನೆಯಲ್ಲಿ ಜಿಲ್ಲಾಡಳಿತ ಇಲ್ಲಿಗೆ ಪ್ರವೇಶವನ್ನೇ ನಿಷೇಧಿಸಿದೆ. ಇದು ಕಾವೇರಿ ವನ್ಯಜೀವಿಧಾಮದ ನೆಲ, ಹಲಗೂರಿನಿಂದ ಬರುವ ದಾರಿ ಆನೆ ಓಡಾಡುವ ಕಾಡಿನೊಳಗೆ ಸಾಗುತ್ತದೆ. ಹೊತ್ತು ಮುಳುಗುವ ಮುಂಚೆ ಕಾಡು ದಾಟಿರಬೇಕು. ಬಾಟಲಿ ಒಡೆಯಬೇಡಿ, ಕೋತಿಗಳಿಗೆ ತಿಂಡಿ ಎಸೆಯಬೇಡಿ.

ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಗೋಪುರದಿಂದ ನೋಡಿ. ಅಲ್ಲಿಂದ ಕಾಣುವಷ್ಟು ಚೆಂದ ಬಂಡೆಯ ಬುಡದಿಂದ ಕಾಣುವುದಿಲ್ಲ. ಭರಚುಕ್ಕಿ ಹೊಳೆಯಾಚೆ, ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಬೇಲಿ ದಾಟಬೇಡಿ, ಫೋಟೊಗಾಗಿ ಬಂಡೆಯಂಚಿಗೆ ಹೋಗಬೇಡಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇದೇ ಶಿವನಸಮುದ್ರದಿಂದ, ಇಂದಿಗೂ ನೀರು ವಿದ್ಯುತ್ತಿಗೆ ತಿರುಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಂದು ಬರೀ ಕಲ್ಲು ಕಂಡಿತೆಂದು ಬೇಸರಪಡಬೇಡಿ, ಜುಲೈ ಮೇಲೆ ಬನ್ನಿ.

ಮಳೆಗಾಲದಲ್ಲಿ ಬರುವವರು ಕೆ.ಆರ್.ಎಸ್. ಮತ್ತು ಕಬಿನಿಯ ಹೊರಹರಿವು ಎಷ್ಟೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ನೋಡಿಕೊಂಡೇ ಹೊರಡಬೇಕು. ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ, ವಯನಾಡಿನಲ್ಲಿ ಬಿದ್ದ ಮಳೆ ಜಲಾಶಯ ತುಂಬಿಸಿ ಹೊಳೆಗೆ ಬರುತ್ತದೆ. ನದಿ ಪಾತ್ರದ ಜನ ಎಚ್ಚರದಿಂದಿರಬೇಕು ಎಂಬ ಪ್ರಕಟಣೆ ನಿಮಗೂ ಸೇರಿಯೇ ಇರುವುದು.

ಕೊಕ್ಕರೆ ಬೆಳ್ಳೂರು

ಇಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲಿ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. ಹಿಕ್ಕೆಯ ನಾತವನ್ನು ಸಹಿಸಿಕೊಂಡು ಹಕ್ಕಿಗಳನ್ನು ಕಾಪಾಡಿದ್ದು ಊರವರು. ಮೂಗು ಮುಚ್ಚಿಕೊಂಡು ಅವರ ಎದುರೇ ಛೀ ಅನ್ನಬೇಡಿ.

ಡ್ರೋನ್ ಹಾರಿಸಬೇಡಿ, ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ದೊಡ್ಡ ಹಕ್ಕಿ ಗಾಬರಿಯಾಗಿ ಎದ್ದರೆ ಮರಿ ಗೂಡಿನಿಂದ ಬೀಳುತ್ತದೆ. ಬಿದ್ದ ಮರಿಯನ್ನು ನೀವು ಎತ್ತಿಕೊಳ್ಳಬೇಡಿ, ಊರಿನ ಹೆಜ್ಜಾರ್ಲೆ ಬಳಗದವರಿಗೆ ತಿಳಿಸಿ. ಜಗುಲಿ ಹತ್ತುವ ಮುನ್ನ ಕೇಳಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ಗದ್ದೆ, ಆಲೆಮನೆ, ಕಣ

ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿದ್ದರೆ ನಿಧಾನಿಸಿ. ಹಾಗೆ ಹರಡುವುದು ತಪ್ಪೇ, ನಮ್ಮವರಿಗೂ ಇದನ್ನು ಹೇಳುತ್ತಲೇ ಇದ್ದೇವೆ. ಆದರೂ ಅದರ ಮೇಲೆ ವೇಗವಾಗಿ ಹೋದ ಬೈಕು ಜಾರುತ್ತದೆ, ಕಾರಿನ ತಳಕ್ಕೆ ಸುತ್ತಿಕೊಂಡ ಹುರುಳಿ ಬಳ್ಳಿಗೆ ಬೆಂಕಿ ಹತ್ತುತ್ತದೆ. ದಾಟಿದ ಮೇಲೆ ಇಳಿದು, ಬಗ್ಗಿ ನೋಡಿ, ಕಿತ್ತು ಹಾಕಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುತ್ತದೆಂದು ನಂಬಬೇಡಿ. ರಾತ್ರಿ ಅಂತರ ಬಿಡಿ.

ಗದ್ದೆಗೆ ನುಗ್ಗಿ ಕಬ್ಬು ಮುರಿಯಬೇಡಿ. ಕೇಳಿದರೆ ಕೊಡುತ್ತಾರೆ. ಆಲೆಮನೆಗೆ ಹೋದರೆ ಮಕ್ಕಳ ಕೈ ಬಿಡಬೇಡಿ, ಕುದಿಯುವ ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತದೆ. ಎಳನೀರು ಕುಡಿದು ಬುರುಡೆಯನ್ನು ಅಂಗಡಿಯವನ ರಾಶಿಗೇ ಹಾಕಿ.

ಹಿರಿಯರನ್ನು ಯಜಮಾನ್ರೆ, ಅಮ್ಮ ಎಂದು, ಓರಗೆಯವರನ್ನು ಅಣ್ಣ, ಅಕ್ಕ ಎಂದು ಮಾತಾಡಿಸಿ. ಕಾರಿನೊಳಗಿಂದಲೇ ‘ಏಯ್’ ಎಂದು ಕರೆಯಬೇಡಿ. ನಮ್ಮ ಮಾತನ್ನು ಅಣಕಿಸಿ ವಿಡಿಯೊ ಮಾಡಬೇಡಿ, ಕಳೆ ಕೀಳುವ ಹೆಣ್ಣುಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬೇಡಿ.

ತಂದ ಕಸವನ್ನು ಗಾಡಿಯಲ್ಲೇ ವಾಪಸ್ಸು ಒಯ್ಯಿರಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಆಂಬುಲೆನ್ಸಿಗೆ 108. ಈ ನಂಬರುಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಮುತ್ತತ್ತಿಯ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಸಿಕ್ಕೇ ಸಿಗುತ್ತದೆಂದು ನಂಬಿ ಹೋಗಬೇಡಿ.