ದುಡಿಮೆಯಿಲ್ಲದೆಡೆ ದಂಡನೀತಿ

‘ಕಾನೂನು ಪಾಲನೆ’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಅಡಗಿವೆ. ಪ್ರಜೆಗಳು ಕಾನೂನಿಗೆ ಬದ್ಧರಾಗಿ ನಡೆಯುವುದು ಒಂದು. ಅಧಿಕಾರಿಗಳು ಅದನ್ನು ಜಾರಿಯಲ್ಲಿರಿಸುವುದು ಇನ್ನೊಂದು. ಮೊದಲನೆಯದು ದೃಢವಾಗಿದ್ದಷ್ಟೂ ಎರಡನೆಯದರ ಹೊರೆ ಹಗುರ. ನಿರುದ್ಯೋಗವು ಇವೆರಡನ್ನೂ ಹೇಗೆ ಸಡಿಲಗೊಳಿಸುತ್ತದೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ನಿದರ್ಶನಗಳಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ದಂಡದ ವಿಚಾರ ಪ್ರಸಿದ್ಧವಾದುದು. ದಂಡ ಅತಿಯಾದರೆ ಪ್ರಜೆಗಳು ಉದ್ವಿಗ್ನರಾಗುವರು, ಮೃದುವಾದರೆ ತಿರಸ್ಕರಿಸುವರು, ಯಥೋಚಿತವಾದರೆ ಮಾತ್ರ ಗೌರವಿಸುವರು ಎಂಬುದು ಅದರ ತಾತ್ಪರ್ಯ. ಅದೇ ಗ್ರಂಥದಲ್ಲಿ ವಿಧವೆಯರಿಗೂ ಅಂಗವಿಕಲೆಯರಿಗೂ ನೂಲುವ ಕೆಲಸ ಕೊಡಬೇಕು, ಮನೆಬಿಟ್ಟು ಹೊರಬಾರದವರಿಗೆ ಕೆಲಸವನ್ನು ಮನೆಗೇ ತಲಪಿಸಬೇಕು, ಕೂಲಿ ಕೊಡಲು ತಡಮಾಡಿದ ಅಧ್ಯಕ್ಷನನ್ನು ದಂಡಿಸಬೇಕು ಎಂಬ ವಿಧಿಯೂ ಇದೆ. ದಂಡವೂ ದುಡಿಮೆಯೂ ಒಂದೇ ರಾಜಧರ್ಮದ ಎರಡು ಕೈಗಳೆಂಬುದು ಇದರಿಂದ ಸ್ಪಷ್ಟ.

ಮನೆಗೇ ಬರುವ ಕೆಲಸವೆಂದೊಡನೆ ನಮ್ಮವರಿಗೆ ನೆನಪಾಗುವುದು ಬೀಡಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಯ್ದುಕೊಟ್ಟು ಸಂಸಾರ ನಡೆಸಿದ, ಮಕ್ಕಳನ್ನು ಓದಿಸಿದ ತಾಯಂದಿರು ಈ ಮೂರೂ ಸೀಮೆಗಳಲ್ಲಿ ಅಸಂಖ್ಯರು. ಅವರ ರಕ್ಷಣೆಗೆಂದು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದಿತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು ಲೀನವಾಯಿತು. ಆದರೆ ಇಂಥ ಕಾಯಿದೆ ಎಚ್ಚರಗೊಳ್ಳುವುದು ಬಹುಮಟ್ಟಿಗೆ ದೂರಿನಿಂದ. ಬೇರೆ ಕೆಲಸವೇ ಇಲ್ಲದವಳು ಕೂಲಿ ಕಡಿಮೆಯಾಯಿತೆಂದು ದೂರು ಕೊಡುವಳೆ? ದೂರಿನಿಂದ ದೊರೆಯುವುದು ಮುಂದೆಂದೋ ಬರುವ ನ್ಯಾಯ. ಕಳೆದುಕೊಳ್ಳುವುದು ನಾಳೆಯ ಅಕ್ಕಿ. ಹೀಗೆ ನಿರುದ್ಯೋಗದ ಭಯವು ದುರ್ಬಲರನ್ನು ಕಾಯುವ ಕಾನೂನಿನ ಬಾಯನ್ನೇ ಕಟ್ಟಿಬಿಡುತ್ತದೆ.

ಎರಡನೆಯ ನಿದರ್ಶನ ಕೆಂಪುಕಲ್ಲು, ಮರಳುಗಳದು. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪರವಾನಗಿಯಿಲ್ಲದ ಕೋರೆಗಳ ಮೇಲೆಯೂ ಮರಳು ಸಾಗಾಟದ ಮೇಲೆಯೂ ಬಿಗಿಯಾದ ಕ್ರಮ ಜರುಗಿತು. ನದಿಯನ್ನೂ ಗುಡ್ಡವನ್ನೂ ಉಳಿಸಲು ಅದು ಬೇಕಾದುದೇ. ಆದರೆ ಕಲ್ಲು, ಮರಳು ಸಿಗದೆ ಗಾರೆಯವರು, ಕಲ್ಲು ಹೊರುವವರು, ಲಾರಿ ಚಾಲಕರು ಕೆಲಸವಿಲ್ಲದೆ ಕುಳಿತರು. ಕಟ್ಟಡ ಕಾರ್ಮಿಕರು ಪ್ರತಿಭಟನೆಗೆ ಇಳಿದರು. ನ್ಯಾಯವಾದ ಕಾನೂನು ಕೂಡ ಬಡವನ ಕಣ್ಣಿಗೆ ಅನ್ನ ಕಸಿಯುವ ಕೈಯಾಗಿ ಕಂಡಾಗ ಅದಕ್ಕೆ ಜನರ ಸಹಕಾರ ದೊರೆಯದು. ಕಳ್ಳದಾರಿಯನ್ನು ಮುಚ್ಚುವ ಮೊದಲೇ ಪರವಾನಗಿಯ ರಾಜಮಾರ್ಗವನ್ನು ಸುಗಮಗೊಳಿಸುವುದು ಇದರಿಂದ ಕಲಿಯಬೇಕಾದ ಪಾಠ.

ಮೂರನೆಯದು ಬೆಳ್ತಂಗಡಿ ತಾಲೂಕಿನ ಕುತ್ಲೂರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಡಿಲಲ್ಲಿರುವ ಈ ಊರಿನ ಮಲೆಕುಡಿಯರಿಗೆ ಕಾಡೇ ಉದ್ಯೋಗವಾಗಿತ್ತು. ಉದ್ಯಾನದ ನಿರ್ಬಂಧಗಳು ಬಿಗಿಯಾದಂತೆ ಕಾಡುತ್ಪತ್ತಿಯ ಜೀವನ ಕುಗ್ಗಿತು. ಬದಲಿ ಕೆಲಸ ಕೈಗೆ ಬರಲಿಲ್ಲ. ಆ ಅಸಮಾಧಾನದ ನೆಲದಲ್ಲಿ ನಕ್ಸಲ್ ಚಳವಳಿ ಬೇರುಬಿಟ್ಟಿತು. ಹಿಂದೆಯೇ ಸಶಸ್ತ್ರ ಪೊಲೀಸ್ ಪಡೆಯೂ ಬಂದಿತು. 2012ರಲ್ಲಿ ಈ ಊರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನೂ ಅವನ ತಂದೆಯೂ ಬಂಧಿತರಾದರು. 2021ರಲ್ಲಿ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಊರಿಗೆ ಊರೇ ಶಂಕಿತವಾದಾಗ ಸಾಕ್ಷಿ ಹೇಳುವವರಾರು, ಸುಳಿವು ಕೊಡುವವರಾರು? 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಶರಣಾದ 6 ಮಂದಿ ನಕ್ಸಲರಲ್ಲಿ ಕುತ್ಲೂರಿನ ಮಹಿಳೆಯೂ ಇದ್ದಳು. ಬಂದೂಕು ವರ್ಷಗಟ್ಟಲೆ ಅರಸಿದವರನ್ನು ಕೊನೆಗೆ ಹೊರತಂದುದು ಮಾತುಕತೆ ಮತ್ತು ಪುನರ್ವಸತಿಯ ಭರವಸೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಉದ್ಯೋಗವಿದ್ದವರೂ ಅಪರಾಧ ಮಾಡುವುದಿಲ್ಲವೇ? ಮಾಡುತ್ತಾರೆ, ದೊಡ್ಡ ವಂಚನೆಗಳನ್ನು ಮಾಡುವವರು ಉಂಡುಟ್ಟವರೇ. ಕೆಲಸವಿಲ್ಲದ ಸಾವಿರಾರು ತರುಣರು ಪ್ರಾಮಾಣಿಕರಾಗಿಯೇ ಬಾಳುತ್ತಾರೆ. ಆದುದರಿಂದ ನಿರುದ್ಯೋಗಿಯನ್ನು ಅಪರಾಧಿಯೆಂದು ಕಾಣುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ. ನಿಜವಾದ ಮಾತೆಂದರೆ, ಶಿಕ್ಷೆಯ ಭಯ ನಿಂತಿರುವುದು ಕಳೆದುಕೊಳ್ಳಲು ಏನಾದರೂ ಇದೆ ಎಂಬ ಭಾವದ ಮೇಲೆ. ಸಂಬಳ, ಮರ್ಯಾದೆ, ನಾಳೆಯ ನಂಬಿಕೆ ಇವುಗಳಿದ್ದವನಿಗೆ ಒಂದು ದಿನದ ಸೆರೆಮನೆಯೂ ದೊಡ್ಡದು. ಇವಾವುವೂ ಇಲ್ಲದವನಿಗೆ ಠಾಣೆಯ ಮೆಟ್ಟಿಲು ಅಷ್ಟೇನೂ ಎತ್ತರವಲ್ಲ. ಅಂಥವನನ್ನು ಬಳಸಿಕೊಳ್ಳಲು ಕಾದಿರುವವರಿಗೂ ಕೊರತೆಯಿಲ್ಲ.

ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರ ಅಧೀನದಲ್ಲಿದೆ. ಬಂಟ್ವಾಳ, ಬೆಳ್ತಂಗಡಿಗಳು ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಯಲ್ಲಿವೆ. ಗಡಿಯಿರುವುದು ಠಾಣೆಗಳಿಗೆ, ನಿರುದ್ಯೋಗಕ್ಕಿಲ್ಲ. ಅದನ್ನು ನೀಗುವ ಕಾರ್ಯ ಪೊಲೀಸರದೂ ಅಲ್ಲ. ಹತ್ತನೆಯ ತರಗತಿಯ ಅನಂತರ ಕಾಣೆಯಾದ ಹುಡುಗ ಎಲ್ಲಿದ್ದಾನೆಂದು ಅಧ್ಯಾಪಕರು ವಿಚಾರಿಸಲಿ. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಬ್ಬನಿಗಾದರೂ ಕೆಲಸ ಕಲಿಸಲಿ. ದಾನಿಗಳು ಕಟ್ಟಡಕ್ಕೆ ಕೊಟ್ಟಂತೆಯೇ ಕಸುಬಿನ ಶಿಕ್ಷಣಕ್ಕೂ ಕೊಡಲಿ. ಕೈಗೊಂದು ಕೆಲಸ ದೊರೆತ ತರುಣನು ಕಾನೂನಿಗೆ ಅಂಜುವವನಾಗಿ ಮಾತ್ರ ಉಳಿಯುವುದಿಲ್ಲ, ಅದು ತನ್ನದೆಂದು ಕಾಯುವವನೂ ಆಗುತ್ತಾನೆ.