ಒಡಹುಟ್ಟಿದವರನ್ನು ಕಾಣುವ ಹಕ್ಕು

ತಾಯಿ ಗತಿಸಿದ ತರುವಾಯ ನಾನು ಹೊನ್ನಾವರದ ಬಳಿಯ ಅಪ್ಸರಕೊಂಡದ ಅಜ್ಜಿಯ ಮನೆಯಲ್ಲಿಯೂ, ತಮ್ಮನೂ ತಂಗಿಯೂ ತಂದೆಯೊಡನೆ ಶಿವಮೊಗ್ಗೆಯಲ್ಲಿಯೂ ಇರುವಂತಾಗಿ, ಹಬ್ಬಹುಣ್ಣಿಮೆಗಳ ಹೋಗಿಬರುವಿಕೆ ಮೊದಲು ವಿರಳವಾಗಿ, ಆಮೇಲೆ ಸಂಪೂರ್ಣವಾಗಿ ನಿಂತುಹೋದಾಗ, ನ್ಯಾಯಾಲಯದ ಮೊರೆಹೋಗದೆ ಗತ್ಯಂತರವಿಲ್ಲವೆಂಬುದು ನನಗೆ ನಿಶ್ಚಯವಾಯಿತು. ಅಂದು ಅರಿತುದನ್ನು, ಇದೇ ಸಂಕಟದಲ್ಲಿರುವ ಅಕ್ಕಂದಿರಿಗಾಗಿಯೂ ಅಣ್ಣಂದಿರಿಗಾಗಿಯೂ ಬರೆಯುತ್ತಿದ್ದೇನೆ.

ಒಡಹುಟ್ಟಿದವರು ಪರಸ್ಪರ ಕಾಣುವ ಹಕ್ಕನ್ನು ಹೆಸರಿಸಿ ಹೇಳುವ ಕಲಮು 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆಯಲ್ಲಿಯೂ ಇಲ್ಲ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯಲ್ಲಿಯೂ ಇಲ್ಲ. ತಂದೆಯ ಕಡೆಯವರು ತಕರಾರಿನಲ್ಲಿ ಹಿಡಿದುದು ಇದೇ ಅಂಶವನ್ನು. ಆದರೆ ಆ ಎರಡು ಶಾಸನಗಳ ಜೀವಾಳವೂ ಮಗುವಿನ ಕ್ಷೇಮವೇ ಆದುದರಿಂದ, ಹೊನ್ನಾವರದ ಹಿರಿಯ ವಕೀಲರೊಬ್ಬರು ನನ್ನ ಅರ್ಜಿಯ ಕರಡನ್ನು ಆದ್ಯಂತವಾಗಿ ತಿದ್ದಿ, ‘ನಾನು ಅವರನ್ನು ನೋಡಬೇಕು’ ಎಂದಿದ್ದೆಡೆಯಲ್ಲೆಲ್ಲ ‘ಮಕ್ಕಳಿಗೆ ಅಕ್ಕನ ಸಂಪರ್ಕವು ಅವಶ್ಯವಾಗಿದೆ’ ಎಂದು ಬರೆದು, ತಾಯಿಯ ದೀರ್ಘ ಕಾಯಿಲೆಯ ಕಾಲದಲ್ಲಿ ಅವರ ಊಟ, ಸ್ನಾನ, ಪಾಠಗಳನ್ನು ನಾನೇ ನೋಡಿಕೊಂಡುದಕ್ಕೆ ಅವರ ಶಾಲೆಯ ಪ್ರಗತಿಪತ್ರಗಳ ಮೇಲಿದ್ದ ನನ್ನ ಸಹಿಗಳನ್ನೇ ಸಾಕ್ಷ್ಯವಾಗಿ ಲಗತ್ತಿಸಿದರು. ನಮ್ಮ ವಾದವೆಲ್ಲ ನಿಂತುದು ಆ ನೀಲಿ ಶಾಯಿಯ ಸಹಿಗಳ ಮೇಲೆ.

ಅರ್ಜಿಯನ್ನು ಹೊನ್ನಾವರದಲ್ಲಿ ಹಾಕುವಂತಿರಲಿಲ್ಲ. ಅಪ್ರಾಪ್ತವಯಸ್ಕರು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಅಧಿಕಾರವೆಂದು 1890ರ ಕಾಯಿದೆಯ 9ನೆಯ ಕಲಮು ವಿಧಿಸುವುದರಿಂದ, ಪ್ರತಿ ತಾರೀಖಿಗೂ ಗೇರುಸೊಪ್ಪೆಯ ಘಟ್ಟ ಹತ್ತಿ ಶಿವಮೊಗ್ಗೆಗೆ ಹೋಗಬೇಕಾಯಿತು. ಮಧ್ಯಂತರ ಭೇಟಿಯ ಅರ್ಜಿಯನ್ನು ಮೂಲ ಅರ್ಜಿಯೊಡನೆಯೇ ಸಲ್ಲಿಸಿದುದು ಮಹದುಪಕಾರವಾಯಿತು. ಅಂತಿಮ ಆದೇಶಕ್ಕೆ ಕಾಯುತ್ತ ಕುಳಿತಿದ್ದರೆ ಬಾಲ್ಯವೇ ಕಳೆದುಹೋಗುತ್ತಿತ್ತು. ಮಗುವು ವಿವೇಚಿಸಿ ಹೇಳಬಲ್ಲ ವಯಸ್ಸಿನದಾಗಿದ್ದರೆ ಅದರ ಇಚ್ಛೆಯನ್ನು ನ್ಯಾಯಾಲಯವು ಪರಿಗಣಿಸಬಹುದೆಂದು ಅದೇ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಅದರಂತೆ ನ್ಯಾಯಾಧೀಶರು ಮಕ್ಕಳಿಬ್ಬರನ್ನೂ ತಮ್ಮ ಕೊಠಡಿಗೆ ಕರೆದು, ಬೇರೆ ಯಾರೂ ಇಲ್ಲದಂತೆ ಮಾತನಾಡಿಸಿದರು.

ಮೊದಲ ಭೇಟಿಯಲ್ಲಿ ತಮ್ಮನು ಓಡಿಬಂದನು. ತಂಗಿಯಾದರೋ ಬಹಳ ಹೊತ್ತು ಬಾಗಿಲ ಚಿಲಕವನ್ನೇ ಮೇಲೆ ಕೆಳಗೆ ಆಡಿಸುತ್ತ ನಿಂತು, ಕಟ್ಟಕಡೆಗೆ, ನಮ್ಮೂರ ಅಬ್ಬಿಯಲ್ಲಿ ಈ ವರ್ಷ ನೀರು ಬಂದಿದೆಯೇ ಎಂದು ಕೇಳಿದಳು.

ತಿಂಗಳಿಗೆರಡು ಭಾನುವಾರಗಳ ಭೇಟಿ, ವಾರಕ್ಕೊಮ್ಮೆ ದೂರವಾಣಿಯ ಮಾತು, ಇಷ್ಟು ನಮಗೆ ದೊರೆತಿದೆ. ಇದು ಅಲ್ಪವೆಂದು ನನಗನ್ನಿಸುವುದಿಲ್ಲ. ವೆಚ್ಚಕ್ಕಂಜಿ ಹಿಂಜರಿಯುವವರು ತಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಯನ್ನು ಇಂದೇ ಕಾಣಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ವರಮಾನವೆಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.